ಗಂಟೆ ಯಂತ್ರದ್ದು, ಮಾತು ನಮ್ಮದು

ದೊಡ್ಡಪ್ಪ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ತಮ್ಮನ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಅರಸೀಕೆರೆಯ ಮನೆಯಿಂದಲೇ ಕೆಲಸ ಮಾಡುವವಳು. ತಿಂಗಳ ಮೊದಲ ಭಾನುವಾರ ದೊಡ್ಡಪ್ಪ ಬೇಲೂರಿಗೆ ಹೊರಟಾಗ ಆಕೆಯೂ ಜೊತೆಗೆ ಹೊರಟಳು. ಆ ದಿನ ದಾರಿಯುದ್ದಕ್ಕೂ ಇಬ್ಬರ ನಡುವೆ ನಡೆದ ಮಾತು ಇದು.

ಅರಸೀಕೆರೆ

ಮಗಳು: ಬಸ್ ಸ್ಟ್ಯಾಂಡಿಗೆ ಹೋಗಬೇಕಾದೋರು ರೈಲ್ವೆ ಸ್ಟೇಷನ್ನಿಗೆ ಯಾಕೆ ಕರ್ಕೊಂಡು ಬಂದ್ರಿ ದೊಡ್ಡಪ್ಪ?

ದೊಡ್ಡಪ್ಪ: ಇಲ್ಲಿ ಒಂದು ಲೋಟ ಟೀ ಕುಡಿದೇ ಊರು ಬಿಡೋದು ನನ್ನ ಪದ್ಧತಿ ಕಣಮ್ಮ. ಆ ಬೆಂಚ್ ನೋಡು. ಹುಬ್ಬಳ್ಳಿ ಕಡೆಯಿಂದ ಬಂದು ಹಾಸನಕ್ಕೆ ಹೋಗೋರು, ಹಾಸನದಿಂದ ಬಂದು ಬೀರೂರು, ಶಿವಮೊಗ್ಗದ ಕಡೆಗೆ ಹೋಗೋರು, ಎಷ್ಟೋ ಜನ ಇಲ್ಲಿ ಇಳಿದು ಗಾಡಿ ಬದಲಾಯಿಸ್ತಾರೆ. ಕಾಯೋ ಹೊತ್ತಲ್ಲಿ ಪಕ್ಕದೋರ ಜೊತೆ ಮಾತು ಹುಟ್ಟುತ್ತೆ. ಮಳೆ, ಕೊಬ್ಬರಿ ರೇಟು, ಮಗಳ ಮದುವೆ. ಯಾರೂ ಯಾರನ್ನೂ ನೋಡಬೇಕು ಅಂತ ಬಂದಿರಲ್ಲ. ಟೈಮ್ ಟೇಬಲ್ ಅವರನ್ನ ಒಂದೇ ಬೆಂಚಿನ ಮೇಲೆ ಕೂರಿಸಿರುತ್ತೆ, ಅಷ್ಟೆ.

ಮಗಳು: ನಮ್ಮ ಟೀಮಿಗೆ ಇಲ್ಲದೇ ಇರೋದು ಆ ಬೆಂಚೇ. ನಾವು ಹದಿನಾರು ಜನ. ಬೆಂಗಳೂರು, ಧಾರವಾಡ, ಮಂಗಳೂರು, ಮೈಸೂರು ಅಂತ ಚದುರಿದ್ದೀವಿ, ಇಬ್ಬರು ಅಮೆರಿಕದಲ್ಲಿದ್ದಾರೆ. ದಿನಾ ಮೀಟಿಂಗಲ್ಲಿ ಸಿಗ್ತೀವಿ, ಕೆಲಸದ ಮಾತು ಮುಗೀತಿದ್ದ ಹಾಗೆ ಒಬ್ಬೊಬ್ಬರೇ ಮಾಯವಾಗ್ತೀವಿ. ಮೀಟಿಂಗಿಗೆ ಮುಂಚೆ, ಆಮೇಲೆ ಅನ್ನೋ ಹೊತ್ತೇ ಇಲ್ಲ.

ದೊಡ್ಡಪ್ಪ: ನಿನ್ನೆ ಊಟಕ್ಕೆ ಕೂತಾಗ ಆ ಹುಡುಗನ ವಿಷಯ ಶುರು ಮಾಡಿ ಅರ್ಧಕ್ಕೇ ಬಿಟ್ಟೆ.

ಮಗಳು: ಹೇಳೋಕೆ ನಾಚಿಕೆ ಆಗುತ್ತೆ ದೊಡ್ಡಪ್ಪ. ಧಾರವಾಡದೋನು, ನಾಲ್ಕು ವರ್ಷದಿಂದ ಜೊತೆಗೆ ಕೆಲಸ ಮಾಡ್ತಿರೋನು. ಅವನ ತಾಯಿ ತೀರಿಕೊಂಡು ಮೂರು ವಾರ ಆಗಿತ್ತು. ಅದು ತಿಳಿಯದೆ ನಾನು ಬೆಳಗಿನ ಮೀಟಿಂಗಲ್ಲಿ ಎಲ್ಲರ ಮುಂದೆ, ‘ಇನ್ನೂ ಯಾಕೆ ಮುಗಿಸಿಲ್ಲ?’ ಅಂತ ಕೇಳಿಬಿಟ್ಟೆ. ಅವನು ‘ಸಾರಿ, ನಾಳೆ ಕೊಡ್ತೀನಿ’ ಅಂದ, ಅಷ್ಟೆ. ವಿಷಯ ಗೊತ್ತಾಗಿದ್ದು ಇನ್ಯಾರದೋ ಬಾಯಿಂದ. ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಇದ್ದಿದ್ರೆ ಮುಖ ನೋಡಿದ ಕೂಡಲೇ ತಿಳೀತಿತ್ತು.

ದೊಡ್ಡಪ್ಪ: ಅದಕ್ಕೇ ಎಲ್ಲರನ್ನೂ ಮಾತಿಗೆ ಕೂರಿಸೋ ಆ ಪ್ರೋಗ್ರಾಮ್ ಬರೆದೆಯಾ?

ಮಗಳು: ಅದಕ್ಕೇ. ಮೊದಲು ಕೈಯಾರೆ ಮಾಡಿ ನೋಡಿದೆ. ಶುಕ್ರವಾರ ಸಂಜೆ ಸುಮ್ಮನೆ ಹರಟೋಣ ಬನ್ನಿ ಅಂತ ಎಲ್ಲರಿಗೂ ಕರೆ ಕೊಟ್ಟೆ. ಮೊದಲ ವಾರ ಹನ್ನೆರಡು ಜನ ಬಂದ್ರು, ಎರಡನೇ ವಾರ ಐದು. ಮೂರನೇ ವಾರ ಪರದೆ ಮೇಲೆ ನನ್ನ ಮುಖ ಒಂದೇ. ಹೀಗೆ ಕರೆಯೋ ಕೆಲಸ ಯಾವಾಗಲೂ ಯಾರೋ ಒಬ್ಬರ ತಲೆಗೆ ಕಟ್ಟಿಕೊಳ್ಳುತ್ತೆ ದೊಡ್ಡಪ್ಪ. ಅವರಿಗೆ ಸುಸ್ತಾದ ದಿನ ಕೂಟವೂ ನಿಲ್ಲುತ್ತೆ. ಆ ಹೊರೆಯನ್ನ ಯಂತ್ರ ಹೊರಲಿ ಅನ್ನಿಸ್ತು.

ದೊಡ್ಡಪ್ಪ: ಇಲ್ಲೇ ನನಗೆ ಗಂಟಲಲ್ಲಿ ಮುಳ್ಳು. ಸ್ನೇಹ ತಾನಾಗಿ ಆಗಬೇಕು. ಸೋಮವಾರ ಹನ್ನೊಂದು ಗಂಟೆಗೆ ಇಂಥೋರ ಜೊತೆ ಆತ್ಮೀಯವಾಗಿ ಮಾತಾಡು ಅಂತ ಯಂತ್ರ ಹೇಳಿದ್ರೆ ಅದು ಡ್ಯೂಟಿ ಆಗುತ್ತೆ.

ಮಗಳು: ಈಗ ತಾನೇ ನೀವೇ ಅಂದ್ರಲ್ಲ, ಆ ಬೆಂಚಿನ ಮೇಲೆ ಕೂರಿಸಿದ್ದು ಟೈಮ್ ಟೇಬಲ್ ಅಂತ.

ದೊಡ್ಡಪ್ಪ: ಅಂದೆ. (ಸ್ವಲ್ಪ ಹೊತ್ತು ಸುಮ್ಮನಿದ್ದು) ನಿನಗೊಂದು ವಿಷಯ ಹೇಳ್ತೀನಿ. ನಾನು ಬೀರೂರು ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಹನ್ನೊಂದು ವರ್ಷ ಇದ್ದೆ. ಪಕ್ಕದ ಸ್ಟೇಷನ್ನಿನವರಿಗೂ ನಮಗೂ ನಡುವೆ ಬ್ಲಾಕ್ ಇನ್‌ಸ್ಟ್ರುಮೆಂಟು, ಅದರ ಜೊತೆಗೇ ಫೋನು. ಒಂದು ಗಾಡಿ ಕಳಿಸಬೇಕಾದ್ರೆ ಗಂಟೆ ಬಾರಿಸಿ ಅವರನ್ನ ಕರೆದು ಲೈನ್ ಕ್ಲಿಯರ್ ಕೇಳಬೇಕು. ಮುಖ್ಯವಾದ ಸುದ್ದಿ ಆದ್ರೆ ಪ್ರೈವೇಟ್ ನಂಬರ್ ಕೊಟ್ಟು ಖಾತ್ರಿ ಮಾಡಿಕೊಳ್ಳಬೇಕು. ಅಲ್ಲಿಗೆ ನಿಯಮದ ಮಾತು ಮುಗೀತು. ರಾತ್ರಿ ಪಾಳಿಯಲ್ಲಿ ಅದಾದ ಮೇಲೆ ಅರ್ಧ ನಿಮಿಷ, ‘ಊಟ ಆಯ್ತಾ ಸಾರ್? ಮಗನಿಗೆ ಜ್ವರ ಇಳೀತಾ?’ ಅಷ್ಟರಲ್ಲಿ ಗಾಡಿ ಸದ್ದು ಕೇಳಿಸ್ತಿತ್ತು, ಇಬ್ಬರೂ ಎದ್ದು ಹೋಗ್ತಿದ್ವಿ.

ಮಗಳು: ಅವರನ್ನ ನೋಡಿದ್ರಾ?

ದೊಡ್ಡಪ್ಪ: ಆ ಹನ್ನೊಂದು ವರ್ಷದಲ್ಲಿ ಒಂದೇ ಸಲ, ಇದೇ ಪ್ಲಾಟ್‌ಫಾರಂ ಮೇಲೆ. ಅವರು ಟೀ ಅಂಗಡಿಯವನ ಹತ್ತಿರ ‘ಸಕ್ಕರೆ ಕಮ್ಮಿ’ ಅಂದ್ರು. ದನಿ ಕೇಳಿದ್ದೇ ತಿರುಗಿ ನೋಡಿದೆ. ಗಂಟೆ ಬಾರಿಸ್ತಿದ್ದದ್ದು ಗಾಡಿಗೋಸ್ಕರ. ಆ ಅರ್ಧ ನಿಮಿಷ ಮಾತ್ರ ನಮ್ಮದು. ಗಂಟೆ ಇಲ್ಲದಿದ್ರೆ ಆ ಅರ್ಧ ನಿಮಿಷವೂ ಇರ್ತಿರಲಿಲ್ಲ ಅನ್ನೋದು ಈಗ ನಿನ್ನ ಮಾತು ಕೇಳಿದ ಮೇಲೆ ಹೊಳೀತಿದೆ.

ಮಗಳು: ನಾನು ಬರೆದಿರೋದು ಆ ಗಂಟೆ ದೊಡ್ಡಪ್ಪ. ಬೇರೆ ಏನೂ ಅಲ್ಲ. ಬನ್ನಿ, ಈಶ್ವರನ ಗುಡಿಗೆ ಹೋಗಿ ಕೂರೋಣ, ಅದು ಹೇಗೆ ನಡೆಯುತ್ತೆ ಅಂತ ಅಲ್ಲಿ ತೋರಿಸ್ತೀನಿ.

ದೊಡ್ಡಪ್ಪ: ಗುಡಿಯಲ್ಲಿ ಕಂಪ್ಯೂಟರ್ ಪಾಠವಾ!

ಮಗಳು: (ಗುಡಿಯ ಮಂಟಪದಲ್ಲಿ ಕೂತು) ಈ ಮಂಟಪದ ಮೂಲೆಗಳನ್ನ ಎಣಿಸಿ. ನಕ್ಷತ್ರದ ಹಾಗೆ ಹದಿನಾರು. 1220ರ ಸುಮಾರಿಗೆ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು. ನಮ್ಮ ಟೀಮಿನಲ್ಲೂ ಹದಿನಾರು ಜನ. ಮೂಲೆಗೊಬ್ಬರು ಕೂತರು ಅಂದುಕೊಳ್ಳಿ. ವಾರಕ್ಕೊಂದು ಸಲ ಇಬ್ಬಿಬ್ಬರು ಮಾತಾಡಬೇಕು, ಕಡೆಗೆ ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಮಾತಾಡಿರಬೇಕು. ಎಷ್ಟು ವಾರ ಬೇಕು?

ದೊಡ್ಡಪ್ಪ: ಚೀಟಿ ಎತ್ತಿಸಿದ್ರೆ ಆಯ್ತು.

ಮಗಳು: ನಾನೂ ಮೊದಲು ಹಾಗೇ ಮಾಡಿದ್ದು. ಸಿದ್ಧವಾಗಿ ಸಿಗೋ ಆ್ಯಪ್‌ಗಳೂ ಇವೆ. ಸ್ಲ್ಯಾಕ್ ಬಳಸೋ ಕಂಪನಿಗಳಲ್ಲಿ ಡೋನಟ್ ಅನ್ನೋದು ಚಾನೆಲ್ಲಿಗೆ ಸೇರಿದೋರನ್ನ ಇಂತಿಷ್ಟು ದಿನಕ್ಕೊಮ್ಮೆ ಜೋಡಿ ಮಾಡಿ ಪರಿಚಯ ಮಾಡಿಸುತ್ತೆ. ಮೈಕ್ರೋಸಾಫ್ಟ್ ಟೀಮ್ಸ್‌ಗೆ ಐಸ್‌ಬ್ರೇಕರ್ ಅನ್ನೋ ಬಾಟ್ ಬಂತು. ಅವೆಲ್ಲಕ್ಕೂ ಮುಂಚೆ ಬ್ರಿಟನ್ನಿನ ನೆಸ್ಟಾ ಸಂಸ್ಥೆ ತನ್ನ ನೌಕರರನ್ನ ಹೀಗೇ ಚೀಟಿ ಹಾಕಿ ಕಾಫಿಗೆ ಕೂರಿಸಿ, ಅದಕ್ಕೆ ‘ರ‍್ಯಾಂಡಮೈಸ್ಡ್ ಕಾಫಿ ಟ್ರಯಲ್ಸ್’ ಅಂತ ಹೆಸರಿಟ್ಟಿತ್ತು. ಚೀಟಿಯಲ್ಲಿ ಒಂದು ತೊಂದರೆ ಇದೆ. ಹದಿನಾರು ಜನಕ್ಕೆ ಪ್ರತಿ ವಾರ ಹೊಸದಾಗಿ ಚೀಟಿ ಎತ್ತಿದ್ರೆ, 15 ವಾರ ಕಳೆದರೂ ಒಬ್ಬೊಬ್ಬರಿಗೆ ಸರಾಸರಿ ಐದು ಜನ ಸಿಕ್ಕೇ ಇರಲ್ಲ. ಇನ್ನು ಕೆಲವರು ಮತ್ತೆ ಮತ್ತೆ ಸಿಕ್ಕಿರ್ತಾರೆ.

ದೊಡ್ಡಪ್ಪ: ಹಾಗಾದ್ರೆ ಸರದಿ ಬೇಕು.

ಮಗಳು: ಸರದಿಯೇ. ಪಂಕ್ತಿ ಊಟ ನೆನಪಿಸಿಕೊಳ್ಳಿ. ಎದುರುಬದುರು ಎಂಟೆಂಟು ಎಲೆ. ಮೊದಲನೇ ಎಲೆಯವರು ಕದಲಬಾರದು. ಉಳಿದ 15 ಜನ ಪ್ರತಿ ವಾರ ಒಂದೊಂದು ಎಲೆ ಮುಂದಕ್ಕೆ ಜರುಗ್ತಾ ಸುತ್ತು ಬರಬೇಕು. ಯಾರು ಎದುರಿಗೆ ಬಂದರೋ ಅವರೇ ಆ ವಾರದ ಜೊತೆಗಾರರು. 15 ವಾರಕ್ಕೆ 120 ಜೋಡಿ ಪೂರ್ತಿ, ಒಂದೂ ಎರಡನೇ ಸಲ ಬರಲ್ಲ, ಒಂದೂ ಬಿಟ್ಟುಹೋಗಲ್ಲ. ಕ್ರಿಕೆಟ್ ಲೀಗಿನ ಪಟ್ಟಿ ಮಾಡೋದೂ ಇದೇ ಲೆಕ್ಕದ ಮೇಲೆ.

ದೊಡ್ಡಪ್ಪ: ಯಂತ್ರ ಇನ್ನೇನು ಮಾಡುತ್ತೆ?

ಮಗಳು: ಸೋಮವಾರ ಬೆಳಿಗ್ಗೆ ಪಟ್ಟಿ ನೋಡುತ್ತೆ. ರಜೆಯಲ್ಲಿರೋರನ್ನ ಬಿಡುತ್ತೆ. ಇಬ್ಬರ ಕ್ಯಾಲೆಂಡರಿನಲ್ಲೂ ಖಾಲಿ ಇರೋ ಇಪ್ಪತ್ತು ನಿಮಿಷ ಹುಡುಕಿ, ಲಿಂಕ್ ಕಳಿಸಿ, ಹತ್ತು ನಿಮಿಷ ಮುಂಚೆ ನೆನಪಿಸುತ್ತೆ. ಅಮೆರಿಕದವರಿಗೂ ನಮಗೂ ಒಂಬತ್ತೂವರೆ, ಹತ್ತೂವರೆ ಗಂಟೆ ಅಂತರ. ಒಂದು ಸಲ ನಾವು ಸಂಜೆ ಕೂತರೆ ಇನ್ನೊಂದು ಸಲ ಅವರು ರಾತ್ರಿ ಕೂರಬೇಕು, ಯಾವಾಗಲೂ ಒಂದೇ ಕಡೆಯವರ ನಿದ್ದೆ ಕೆಡಬಾರದು. ಆ ಲೆಕ್ಕವನ್ನೂ ಅದೇ ಇಡುತ್ತೆ. ನೂರು ಸಾಲಿನ ಪ್ರೋಗ್ರಾಮು, ಅಷ್ಟೆ.

ದೊಡ್ಡಪ್ಪ: ಗೆದ್ದೆ ಅನ್ನು.

ಮಗಳು: ಇಲ್ಲ ದೊಡ್ಡಪ್ಪ. ಯಂತ್ರ ಒಂದು ತಪ್ಪನ್ನೂ ಮಾಡಲಿಲ್ಲ. ಸೋತಿದ್ದು ನಾನು. ಬಸ್ಸಿನಲ್ಲಿ ಹೇಳ್ತೀನಿ, ನಡೀರಿ.

ಹಳೇಬೀಡು

ದೊಡ್ಡಪ್ಪ: ಬಾಣಾವರ, ಜಾವಗಲ್ ದಾಟಿ ಬಂದ್ರೂ ನೀನು ಬಾಯಿ ಬಿಡಲಿಲ್ಲ. ಕಿಟಕಿ ಕಡೆ ತಿರುಗಿ ಕೂತುಬಿಟ್ಟೆ.

ಮಗಳು: ಬಸ್ಸಿನ ಸದ್ದಿನಲ್ಲಿ ಹೇಳೋ ಮಾತಲ್ಲ. ಒಳಗೆ ಬನ್ನಿ. ಇದು ಜೋಡಿ ಗುಡಿ. ಆ ಕಡೆ ಹೊಯ್ಸಳೇಶ್ವರ, ಈ ಕಡೆ ಶಾಂತಲೇಶ್ವರ. 1121ರ ಹೊತ್ತಿಗೆ ಕೆಲಸ ಶುರುವಾಗಿತ್ತು ಅಂತ ಹೇಳ್ತಾರೆ. ಎರಡೂ ಗುಡಿಗೆ ಬೇರೆ ಬೇರೆ ಗರ್ಭಗುಡಿ, ಬೇರೆ ಬೇರೆ ನವರಂಗ, ಹೊರಗೆ ಬೇರೆ ಬೇರೆ ನಂದಿ. ನಾವೀಗ ನಿಂತಿರೋ ಜಾಗ ಯಾವ ದೇವರದ್ದು?

ದೊಡ್ಡಪ್ಪ: ಇದು ಎರಡನ್ನೂ ಸೇರಿಸೋ ನಡುವಿನ ಅಂಕಣ. ಯಾರದ್ದೂ ಅಲ್ಲ. ಇಬ್ಬರದ್ದೂ ಹೌದು.

ಮಗಳು: ಆಫೀಸಿನಲ್ಲಿ ನಾವು ಕಳಕೊಂಡಿದ್ದು ಇಂಥ ಜಾಗ. ಎರಡು ಕೋಣೆ ನಡುವಿನ ಓಣಿ, ಕಾಫಿ ಮಿಷಿನ್ ಮುಂದೆ ನಿಲ್ಲೋ ಜಾಗ, ಲಿಫ್ಟ್. ಅಮೆರಿಕದ ಎಂಐಟಿಯಲ್ಲಿ ಥಾಮಸ್ ಅಲೆನ್ ಅನ್ನೋರು ಎಂಜಿನಿಯರುಗಳು ಒಬ್ಬರೊಡನೊಬ್ಬರು ಎಷ್ಟು ಮಾತಾಡ್ತಾರೆ ಅಂತ ವರ್ಷಗಟ್ಟಲೆ ಅಳೆದು 1977ರಲ್ಲಿ ಪುಸ್ತಕ ಬರೆದರು. ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಮಾತು ಸರ್ರನೆ ಇಳಿಯುತ್ತೆ, ಐವತ್ತು ಮೀಟರ್ ದಾಟಿದ್ರೆ ಹೆಚ್ಚುಕಮ್ಮಿ ಬೇರೆ ಊರಿನಲ್ಲಿದ್ದ ಹಾಗೇ ಅಂತ.

ದೊಡ್ಡಪ್ಪ: ಐವತ್ತು ಮೀಟರ್ ಅಂದ್ರೆ ಇಲ್ಲಿಂದ ಆ ಬೇಲಿಯವರೆಗೂ ಇಲ್ಲವೇನೋ. ನಿನ್ನ ಟೀಮು ಧಾರವಾಡ, ಮಂಗಳೂರು ಅಂತ ಚದುರಿದೆ.

ಮಗಳು: 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಎಲ್ಲರೂ ಲ್ಯಾಪ್‌ಟಾಪ್ ಹೊತ್ತುಕೊಂಡು ಊರು ಸೇರಿದ್ವಿ. ಆ ವರ್ಷದ ಮೊದಲ ಆರು ತಿಂಗಳಲ್ಲಿ ಮೈಕ್ರೋಸಾಫ್ಟ್‌ನವರು ಅಮೆರಿಕದಲ್ಲಿರೋ ತಮ್ಮ 61,182 ನೌಕರರ ಫೋನು, ಮೇಲ್, ಮೀಟಿಂಗ್‌ಗಳ ಲೆಕ್ಕ ಹಾಕಿ ನೋಡಿದ್ರು. 2021ರಲ್ಲಿ ಅದು ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬಂತು. ಬೇರೆ ಬೇರೆ ಗುಂಪಿನವರ ಜೊತೆ ಕೆಲಸ ಮಾಡೋ ಹೊತ್ತು ಸುಮಾರು ಶೇ. 25ರಷ್ಟು ಕುಗ್ಗಿತ್ತು. ತಮ್ಮ ತಮ್ಮ ಗುಂಪಿನೊಳಗೆ ಮಾತು ಗಟ್ಟಿಯಾಯ್ತು, ಗುಂಪು ಗುಂಪಿನ ನಡುವಿನ ಸೇತುವೆ ಸಡಿಲವಾಯ್ತು. ಹಳೇ ಪರಿಚಯ ಉಳೀತು, ಹೊಸ ಪರಿಚಯ ಕಡಿಮೆಯಾಯ್ತು.

ದೊಡ್ಡಪ್ಪ: ಗುಡಿಗಳು ನಿಂತಿವೆ, ನಡುವಿನ ಅಂಕಣ ಬಿದ್ದಿದೆ.

ಮಗಳು: ಹಾಗೇ. ಬರೀ ಮುಖಪರಿಚಯಕ್ಕೂ ಬೆಲೆ ಇದೆ ದೊಡ್ಡಪ್ಪ. ಮಾರ್ಕ್ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞರು 1973ರಲ್ಲೇ ಬರೆದಿದ್ದಾರೆ. ಹತ್ತಿರದ ಸ್ನೇಹಿತರಿಗೆ ಗೊತ್ತಿರೋದು ಬಹುಪಾಲು ನಮಗೂ ಗೊತ್ತಿರುತ್ತೆ. ಹೊಸ ಕೆಲಸದ ಸುದ್ದಿಯಂಥದ್ದು ಬರೋದು ಅಷ್ಟಕ್ಕಷ್ಟೇ ಪರಿಚಯ ಇರೋರ ಕಡೆಯಿಂದ.

ದೊಡ್ಡಪ್ಪ: ಅದು ಯಾವ ಹಳ್ಳಿಗೆ ಗೊತ್ತಿಲ್ಲ ಹೇಳು? ಸಂತೆಗೆ ಯಾಕೆ ಹೋಗ್ತಿದ್ರು ಅಂದುಕೊಂಡೆ? ಸೊಪ್ಪು ಕೊಳ್ಳೋಕೆ ಮಾತ್ರ ಅಲ್ಲ. ಯಾರ ಮನೆಯಲ್ಲಿ ಹಸು ಮಾರಾಟಕ್ಕಿದೆ, ಯಾರ ಮನೆಯಲ್ಲಿ ಹುಡುಗ ಇದ್ದಾನೆ, ಎಲ್ಲಾ ಅಲ್ಲೇ ತಿಳೀತಿತ್ತು. ವಾರಕ್ಕೊಂದು ದಿನ ಅಂತ ಗೊತ್ತು ಮಾಡಿದ್ದಾರೆ, ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ನೀನು ಮಾಡಿರೋ ಯಂತ್ರದ ಅಜ್ಜಿ ಅದು.

ಮಗಳು: ಸಂತೆಯಿಂದ ನಾನು ಕಲಿಯಬೇಕಾಗಿದ್ದನ್ನ ಕಲೀಲಿಲ್ಲ. ಏನು ತಪ್ಪು ಮಾಡಿದೆ ಅಂತ ಈಗ ಕೇಳಿ. ಒಂದನೇದು, ನಮ್ಮ ಮ್ಯಾನೇಜರನ್ನೂ ಸೇರಿಸಿ ಹದಿನಾರು ಜನ ಅಂತ ಲೆಕ್ಕ ಹಾಕಿದ್ದೆ. ಆ ವಾರ ಯಾರಿಗೆ ಅವರು ಜೋಡಿಯಾಗಿ ಬಂದರೋ ಅವರಿಗೆ ಅದು ಇಂಟರ್‌ವ್ಯೂ ಆಯ್ತು. ಎರಡನೇದು, ಮಾತು ಶುರುವಾಗಲಿ ಅಂತ ಯಂತ್ರದಿಂದ ಒಂದು ಪ್ರಶ್ನೆ ಕಳಿಸ್ತಿದ್ದೆ. ‘ನಿಮ್ಮ ಮೆಚ್ಚಿನ ಸಿನಿಮಾ ಯಾವುದು, ಯಾಕೆ?’ ಪರೀಕ್ಷೆಯಲ್ಲಿ ಬರೆಯೋ ಹಾಗೆ ಉತ್ತರ ಹೇಳಿ ಸುಮ್ಮನಾದ್ರು. ಮೂರನೇದು ಎಲ್ಲಕ್ಕಿಂತ ಕೆಟ್ಟದ್ದು. ಯಾರು ಕೂತರು, ಯಾರು ಕೂರಲಿಲ್ಲ ಅಂತ ಯಂತ್ರ ಪಟ್ಟಿ ಇಡ್ತಿತ್ತು. ಆ ಪಟ್ಟಿಯನ್ನ ಮೇಲಿನೋರು ಕೇಳಿದ್ರು, ಕೊಟ್ಟುಬಿಟ್ಟೆ.

ದೊಡ್ಡಪ್ಪ: ಸಂತೆಯಲ್ಲಿ ಹಾಜರಿ ತಗೊಂಡ್ರೆ ಮುಂದಿನ ವಾರ ಸಂತೆಯೇ ಇರಲ್ಲ ಕಣೇ.

ಮಗಳು: ಇರಲಿಲ್ಲ. ಆರನೇ ವಾರಕ್ಕೆ ಎಂಟು ಜೋಡಿಯಲ್ಲಿ ಮೂರು ಜೋಡಿ ಮಾತ್ರ ಕೂತಿದ್ದು. ಅದರಲ್ಲೂ ಇಬ್ಬರು ಲಿಂಕ್ ತೆರೆದಿಟ್ಟು, ಮೈಕ್ ಮುಚ್ಚಿಕೊಂಡು ತಮ್ಮ ತಮ್ಮ ಕೆಲಸ ಮಾಡ್ತಾ ಕೂತಿದ್ರಂತೆ, ಪಟ್ಟಿಯಲ್ಲಿ ಹೆಸರು ಬರಲಿ ಅಂತ. ಅದನ್ನ ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ದೊಡ್ಡಪ್ಪ: ಲೈನ್ ಕ್ಲಿಯರ್ ಅಂದ್ರೆ ಏನು ಅಂತ ಹೇಳ್ಲಾ? ಮುಂದಿನ ಸ್ಟೇಷನ್ನಿನವರೆಗೆ ದಾರಿ ಖಾಲಿ ಇದೆ, ಗಾಡಿ ಬರಬಹುದು, ಅಷ್ಟೇ ಅದರ ಅರ್ಥ. ಗಾಡಿ ಓಡಿಸೋನು ಡ್ರೈವರು. ನಿನ್ನ ಯಂತ್ರ ದಾರಿ ಖಾಲಿ ಮಾಡಿಕೊಡಬೇಕಾಗಿತ್ತು. ನೀನು ಎಂಜಿನ್ ಹತ್ತಿ ಕೂತೆ.

ಮಗಳು: ಹತ್ತಿ ಕೂತೆ. ಹಾಗಂತ ನಿಲ್ಲಿಸಿಬಿಡೋಕೂ ಮನಸ್ಸು ಬರಲಿಲ್ಲ. ಯಾಕಂದ್ರೆ ಆ ಆರು ವಾರದಲ್ಲೇ ಒಂದು ದಿನ ಆ ಧಾರವಾಡದ ಹುಡುಗ ನನಗೆ ಜೋಡಿಯಾಗಿ ಬಂದ. ಇಪ್ಪತ್ತು ನಿಮಿಷದ ಲಿಂಕ್, ಮುಕ್ಕಾಲು ಗಂಟೆ ಕೂತ್ವಿ. ಕ್ಷಮೆ ಕೇಳಿದೆ. ಅವನು ತಾಯಿಯ ಕೊನೇ ದಿನಗಳ ವಿಷಯ ಹೇಳಿದ. ಯಂತ್ರ ಗಂಟೆ ಹೊಡೀದಿದ್ರೆ ನಾನಾಗಿ ಫೋನ್ ಮಾಡೋ ಧೈರ್ಯ ನನಗಿತ್ತೋ ಇಲ್ಲವೋ.

ದೊಡ್ಡಪ್ಪ: ಅದೊಂದಕ್ಕೇ ಆ ನೂರು ಸಾಲು ಸಾರ್ಥಕ ಆಯ್ತು ಬಿಡು.

ಮಗಳು: ಆಮೇಲೆ ಎಲ್ಲಾ ಒಡೆದು ಮತ್ತೆ ಕಟ್ಟಿದೆ. ಹೊಸ ಲೆಕ್ಕ ಕೇಳಿ. ಮ್ಯಾನೇಜರನ್ನ ಬಿಟ್ಟರೆ 15 ಜನ. 15 ಅಂದ ತಕ್ಷಣ ಹಳೇದೊಂದು ಒಗಟು ನೆನಪಾಯ್ತು. ಇಂಗ್ಲೆಂಡಿನಲ್ಲಿ ಥಾಮಸ್ ಕಿರ್ಕ್‌ಮನ್ ಅಂತ ಒಬ್ಬ ಪಾದ್ರಿ ಇದ್ದ, ಗಣಿತದ ಹುಚ್ಚು. 1850ರಲ್ಲಿ ಅವನು ಈ ಒಗಟು ಹಾಕಿದ. ಶಾಲೆಯೊಂದರ 15 ಹುಡುಗಿಯರು ದಿನಾ ಮೂರು ಮೂರು ಜನದ ಸಾಲಾಗಿ ನಡೆದು ಹೋಗ್ತಾರೆ. ಏಳು ದಿನದಲ್ಲಿ ಯಾವ ಇಬ್ಬರೂ ಒಂದೇ ಸಾಲಿನಲ್ಲಿ ಎರಡು ಸಲ ಬರಬಾರದು. ಹೇಗೆ ನಿಲ್ಲಿಸೋದು?

ದೊಡ್ಡಪ್ಪ: ಆಗುತ್ತಾ?

ಮಗಳು: ಕರಾರುವಾಕ್ಕಾಗಿ ಆಗುತ್ತೆ. ದಿನಕ್ಕೆ ಐದು ಸಾಲು, ಏಳು ದಿನಕ್ಕೆ 35. ಒಂದೊಂದು ಸಾಲಿನಲ್ಲಿ ಮೂರು ಜೋಡಿ, ಒಟ್ಟು 105 ಜೋಡಿ. 15 ಜನರ ನಡುವೆ ಇರೋದೂ 105 ಜೋಡಿಯೇ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಇಬ್ಬಿಬ್ಬರು ಕೂತರೆ 15 ವಾರ ಬೇಕಿತ್ತು. ಮೂವರು ಕೂತರೆ ಏಳೇ ವಾರದಲ್ಲಿ ಎಲ್ಲರೂ ಎಲ್ಲರನ್ನೂ ನೋಡಿ ಮುಗೀತು. ಮೂವರಿದ್ದರೆ ಇನ್ನೊಂದು ಅನುಕೂಲವೂ ಉಂಟು. ಒಬ್ಬರು ಬರದಿದ್ದರೂ ಇಬ್ಬರಿರ್ತಾರೆ. ಮಾತು ಬರದೋರು ಸುಮ್ಮನೆ ಕೇಳ್ತಾ ಕೂರಬಹುದು.

ದೊಡ್ಡಪ್ಪ: ನಮ್ಮ ಜಗಲಿಯಲ್ಲೂ ಹಾಗೇ. ಇಬ್ಬರೇ ಕೂತರೆ ವ್ಯವಹಾರ, ಮೂರನೆಯವರು ಬಂದ ಮೇಲೇ ಹರಟೆ. ಆದ್ರೆ ದೊಡ್ಡೋರನ್ನ ಪೂರ್ತಿ ದೂರ ಇಟ್ಟಿದ್ದು ಸರಿಯಾ? ಹೊಸಬರು ಕಲಿಯೋದು ಹಿರಿಯರ ಪಕ್ಕದಲ್ಲಿ ಕೂತು.

ಮಗಳು: ಅದನ್ನೂ ಯೋಚಿಸಿದೆ. 2020ರ ಬೇಸಿಗೆಯಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರು ಒಂದು ದೊಡ್ಡ ಕಂಪನಿಯಲ್ಲಿ ಮನೆಯಿಂದಲೇ ತರಬೇತಿ ಪಡೀತಿದ್ದ ಹುಡುಗ ಹುಡುಗಿಯರ ಮೇಲೆ ಪ್ರಯೋಗ ಮಾಡಿದ್ರು. ಹಿರಿಯ ಮ್ಯಾನೇಜರುಗಳ ಜೊತೆ ಹೀಗೆ ಆನ್‌ಲೈನಿನಲ್ಲಿ ಸುಮ್ಮನೆ ಮಾತಾಡೋ ಅವಕಾಶ ಸಿಕ್ಕೋರಿಗೆ ಖಾಯಂ ಕೆಲಸದ ಕರೆ ಬರೋದು ಹೆಚ್ಚು ಅಂತ ಕಂಡುಬಂತು. ಅದಕ್ಕೇ ಹೊಸಬರಿಗೆ ತಿಂಗಳಿಗೊಂದ್ಸಲ ಒಬ್ಬ ಹಿರಿಯರ ಜೊತೆ ಬೇರೆ ಕೂಟ ಇಟ್ಟಿದ್ದೀನಿ. ಆ ಹಿರಿಯರು ಬೇರೆ ಟೀಮಿನವರಾಗಿರಬೇಕು, ಅವರ ಸಂಬಳ, ಬಡ್ತಿ ಬರೆಯೋರು ಆಗಿರಬಾರದು.

ದೊಡ್ಡಪ್ಪ: ಅಂದ್ರೆ ದೊಡ್ಡಪ್ಪ ಇರಬಹುದು, ಅಪ್ಪ ಇರಬಾರದು.

ಮಗಳು: ನೀವು ಇರೋದಕ್ಕೇ ನಾನಿಷ್ಟು ಮಾತಾಡ್ತಿರೋದು.

ಬೇಲೂರು

ದೊಡ್ಡಪ್ಪ: ಚೆನ್ನಕೇಶವನ ದರ್ಶನ ಮಾಡಿ ಹೋಗೋಣ. ತಲೆ ಎತ್ತಿ ನೋಡು, ಮದನಿಕೆಯರು. ಜನ ಮುಖ ನೋಡ್ತಾರೆ, ನಾನು ಕಾಲ ಕೆಳಗಿನ ಪೀಠ ನೋಡ್ತೀನಿ. ಕೆಲವು ಪೀಠದಲ್ಲಿ ಕೆತ್ತಿದೋರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಇದು. ಶಿಕಾರಿಪುರದ ಹತ್ತಿರದ ಬಳ್ಳಿಗಾವೆ ಎಲ್ಲಿ, ಬೇಲೂರು ಎಲ್ಲಿ! ಊರು ಬಿಟ್ಟು ಬಂದು ಇಲ್ಲಿ ಕೆಲಸ ಮಾಡಿದ್ರು. ಬರೀ ಹೆಸರು ಬರೀಲಿಲ್ಲ, ಯಾವ ಊರಿನೋನು, ಯಾರ ಮಗ ಅಂತಲೂ ಬರೆದ್ರು.

ಮಗಳು: ನಮ್ಮ ಕೆಲಸಕ್ಕೆ ಇರೋದು ಟಿಕೆಟ್ ನಂಬರು. ಮುಗಿಸಿದೋನು ಯಾವ ಊರಿನೋನು ಅಂತ ಎಲ್ಲೂ ಇರಲ್ಲ. ದೊಡ್ಡಪ್ಪ, ಸಿನಿಮಾ ಪ್ರಶ್ನೆ ತೆಗೆದುಹಾಕಿದ ಮೇಲೆ ಅದರ ಜಾಗದಲ್ಲಿ ಏನು ಕೇಳಲಿ ಅಂತ ನನಗೆ ಹೊಳೆದಿರಲಿಲ್ಲ. ಇದನ್ನೇ ಕೇಳ್ತೀನಿ. ಈಗ ಯಾವ ಊರಿನಿಂದ ಮಾತಾಡ್ತಿದ್ದೀರಿ, ಕಿಟಕಿಯಿಂದ ಏನು ಕಾಣುತ್ತೆ?

ದೊಡ್ಡಪ್ಪ: ಕೇಳು. ಆದ್ರೆ ಅದನ್ನ ಯಂತ್ರ ಕೇಳೋದು ಬೇಡ, ಮನುಷ್ಯರು ಕೇಳಿಕೊಳ್ಳಲಿ. ಕಿಟಕಿಯಿಂದ ಏನು ಕಾಣುತ್ತೆ ಅಂತ ಯಂತ್ರ ಕೇಳಿದ್ರೆ ನಾನಂತೂ ಉತ್ತರ ಕೊಡಲ್ಲ. ಕೇಳೋರಿಗೆ ತಿಳಿಯೋ ಆಸೆ ಇದೆ ಅಂತ ಗೊತ್ತಾದ್ರೆ ತಾನೇ ಹೇಳೋಕೆ ಮನಸ್ಸಾಗೋದು?

ಮಗಳು: (ತುಸು ತಡೆದು) ಹಾಗಾದ್ರೆ ಪ್ರಶ್ನೆಯೇ ಬೇಡ. ಮೂವರ ಹೆಸರು, ಮೂವರ ಊರು, ಹೊತ್ತು. ಅಷ್ಟು ಬಿಟ್ಟು ಒಂದಕ್ಷರವೂ ಹೆಚ್ಚು ಕಳಿಸಲ್ಲ.

ದೊಡ್ಡಪ್ಪ: ಮುಖ ನೋಡಿಕೊಂಡೇ ಮಾತಾಡಬೇಕಾ? ನನ್ನ ಸ್ನೇಹವೆಲ್ಲಾ ಮುಖ ಕಾಣದೆ ಬೆಳೆದಿದ್ದು, ಅದಕ್ಕೇ ಕೇಳ್ದೆ.

ಮಗಳು: ಬೇಡ. ದಿನವಿಡೀ ವಿಡಿಯೊದಲ್ಲಿ ಕೂತರೆ ಯಾಕೆ ಅಷ್ಟು ದಣಿವಾಗುತ್ತೆ ಅಂತ ಸ್ಟ್ಯಾನ್‌ಫರ್ಡಿನ ಜೆರೆಮಿ ಬೈಲೆನ್‌ಸನ್ 2021ರಲ್ಲಿ ನಾಲ್ಕು ಕಾರಣ ಕೊಟ್ಟರು. ಎಲ್ಲರ ಕಣ್ಣೂ ತೀರಾ ಹತ್ತಿರದಿಂದ ನಮ್ಮನ್ನೇ ನೋಡ್ತಿರುತ್ತೆ. ನಮ್ಮ ಮುಖವೇ ನಮಗೆ ಕನ್ನಡಿಯಲ್ಲಿ ಕಂಡ ಹಾಗೆ ಕಾಣ್ತಿರುತ್ತೆ. ಕುರ್ಚಿ ಬಿಟ್ಟು ಕದಲೋ ಹಾಗಿಲ್ಲ. ತಲೆ ಆಡಿಸೋದು, ಹುಬ್ಬು ಏರಿಸೋದು, ಎಲ್ಲವನ್ನೂ ಬೇಕು ಅಂತಲೇ ಮಾಡಿ ತೋರಿಸಬೇಕು, ಎದುರಿನವರದ್ದನ್ನೂ ಕಷ್ಟಪಟ್ಟು ಓದಬೇಕು. ಅದಕ್ಕೇ ನಮ್ಮ ಕೂಟ ಈಗ ಬರೀ ದನಿ. ಒಬ್ಬಳು ಮಂಗಳೂರಿನಲ್ಲಿ ಬೀದಿ ಸುತ್ತುತ್ತಾ ಮಾತಾಡ್ತಾಳೆ. ನಾನು ಹಿತ್ತಲಲ್ಲಿ ತೆಂಗಿನ ಮರದ ಸುತ್ತ ನಡೀತಾ ಮಾತಾಡ್ತೀನಿ. ಕರೆಂಟ್ ಹೋದ್ರೂ ಫೋನಿನಲ್ಲಿ ದನಿ ಇರುತ್ತೆ.

ದೊಡ್ಡಪ್ಪ: ಬೇಡ ಅಂದೋರಿಗೆ?

ಮಗಳು: ‘ಈ ವಾರ ಬೇಡ’ ಅಂತ ಒಂದು ಗುಂಡಿ. ಒತ್ತಿದ್ರೆ ಯಾಕೆ ಅಂತ ಕೇಳಲ್ಲ, ಯಾರಿಗೂ ಹೇಳಲ್ಲ. ಕೂತೋರ ಪಟ್ಟಿ ಇಡೋದನ್ನ ಪ್ರೋಗ್ರಾಮಿನಿಂದಲೇ ಅಳಿಸಿಹಾಕಿದ್ದೀನಿ, ಮೇಲಿನೋರು ಕೇಳಿದ್ರೂ ಕೊಡೋಕೆ ಏನೂ ಇರಬಾರದು ಅಂತ. ರೆಕಾರ್ಡಿಂಗ್ ಇಲ್ಲ. ಹೇಗಿತ್ತು, ಎಷ್ಟು ಸ್ಟಾರ್ ಕೊಡ್ತೀರಿ ಅನ್ನೋದೂ ಇಲ್ಲ. ಇನ್ನೊಂದು ಮಾತಿಗೆ ಮಾತ್ರ ನಾನು ಪಟ್ಟು ಹಿಡಿದೆ. ಈ ಇಪ್ಪತ್ತು ನಿಮಿಷ ಕೆಲಸದ ಹೊತ್ತಿನೊಳಗೇ ಇರಬೇಕು. ಮನೆಯ ಹೊತ್ತನ್ನ ಕಿತ್ತುಕೊಂಡು ಸ್ನೇಹ ಬೆಳೆಸಿ ಅನ್ನೋದು ಅನ್ಯಾಯ. ಮಗು ಮಲಗಿಸೋ ಹೊತ್ತಿಗೆ ಕೂಟ ಇಟ್ಟರೆ ತಾಯಂದಿರು ಹೇಗೆ ಬರ್ತಾರೆ?

ದೊಡ್ಡಪ್ಪ: ಏಳು ವಾರ ಮುಗಿದ ಮೇಲೆ?

ಮಗಳು: ಮೊದಲ ಸಾಲಿನಿಂದ ಮತ್ತೆ ಶುರು.

ದೊಡ್ಡಪ್ಪ: ನಡುವೆ ಒಂದು ತಿಂಗಳು ಬಿಡು. ಹೊಲಾನೂ ಒಂದು ಬೆಳೆ ಆದ ಮೇಲೆ ಬೀಳು ಬಿಡ್ತಾರೆ. ಆ ತಿಂಗಳಲ್ಲಿ ಗಂಟೆ ಇಲ್ಲದೆಯೂ ಯಾರಾದ್ರೂ ಯಾರಿಗಾದ್ರೂ ಫೋನ್ ಮಾಡಿದ್ರೆ ನಿನ್ನ ಯಂತ್ರದ ಕೆಲಸ ಕೈಗೂಡಿತು ಅಂತ ಅರ್ಥ. ಲೆಕ್ಕ ಇಡಬೇಡ, ಆದ್ರೆ ಹಾಗಾಗಲಿ ಅಂತ ಆಸೆ ಇಟ್ಟುಕೋ.

ಮಗಳು: ಬಿಡ್ತೀನಿ. ಇದು ನನಗೆ ತೋಚಿರಲಿಲ್ಲ. ಅಂದ ಹಾಗೆ ದೊಡ್ಡಪ್ಪ, ನಾವು ಗುಡಿ ಬಿಟ್ಟು ಯಾವ ಬೀದಿಗೆ ಹೋಗ್ತಿದ್ದೀವಿ? ಪ್ರತಿ ತಿಂಗಳೂ ಬೇಲೂರಿಗೆ ಬರ್ತೀರಿ, ಯಾಕೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ದೊಡ್ಡಪ್ಪ: ಬ್ಲಾಕ್ ಫೋನಿನಲ್ಲಿ ಊಟ ಆಯ್ತಾ ಅಂತಿದ್ದೋರು ರಿಟೈರ್ ಆಗಿ ಇಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನು ರಿಟೈರ್ ಆದ ಮೇಲೆ ಎರಡು ವರ್ಷ ಅವರ ಜೊತೆ ಒಂದು ಮಾತೂ ಆಡಿರಲಿಲ್ಲ ಕಣಮ್ಮ. ಜಗಳ ಏನಿಲ್ಲ. ಜೇಬಿನಲ್ಲಿ ಮೊಬೈಲ್ ಇತ್ತು, ಅದರಲ್ಲಿ ಅವರ ನಂಬರೂ ಇತ್ತು. ಗಂಟೆ ಹೊಡೆಯೋದು ನಿಂತಿತ್ತು, ಅಷ್ಟೆ. ಇವತ್ತು ಮಾಡೋಣ, ನಾಳೆ ಮಾಡೋಣ ಅಂತ ದಿನ ಹೋದವು. ಹನ್ನೊಂದು ವರ್ಷದ ಸ್ನೇಹ ಅಷ್ಟು ಸುಲಭವಾಗಿ ಮಸುಕಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಅವರಿಗೆ ಹುಷಾರಿಲ್ಲ ಅಂತ ಯಾರೋ ಹೇಳಿದ ಮೇಲೆ ಓಡಿ ಬಂದೆ. ಅವತ್ತು ಮನೆಗೆ ಹೋದೋನೇ ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ.

ಮಗಳು: ಆ ಕೆಂಪು ಸುತ್ತು ನೋಡಿ ನಾನು ಗ್ಯಾಸ್ ಬುಕ್ ಮಾಡೋ ದಿನ ಅಂದುಕೊಂಡಿದ್ದೆ.

ದೊಡ್ಡಪ್ಪ: ನಿನ್ನದು ನೂರು ಸಾಲು, ನನ್ನದು ಹನ್ನೆರಡು ಸುತ್ತು. ಬೆಳಿಗ್ಗೆ ಟೀ ಕುಡೀತಾ ನಾನು ನಿನಗೆ ಎದುರು ಮಾತಾಡಿದ್ದು ಇದನ್ನ ಮರೆತು. ಮನಸ್ಸಿದ್ದರೂ ದಿನ ಗೊತ್ತು ಮಾಡದಿದ್ರೆ ಆಗಲ್ಲ ಮಗಳೇ. ದಿನ ಗೊತ್ತು ಮಾಡಿಕೊಂಡ್ರೆ ಪ್ರೀತಿ ಕಮ್ಮಿ ಆಯ್ತು ಅಂತಲ್ಲ. ಇಗೋ, ಇದೇ ಮನೆ. ಬಾಗಿಲು ಬಡೀಬೇಡ, ಅವರಿಗೆ ಈಗ ಕಣ್ಣು ಅಷ್ಟು ಕಾಣಲ್ಲ. ನಿಂತು ಕೇಳು.

(ದೊಡ್ಡಪ್ಪ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಕಂಬಿ ಹಿಡಿದು, ಒಳಗಿನ ಕತ್ತಲ ಕಡೆಗೆ ಕೂಗಿದರು.)

ದೊಡ್ಡಪ್ಪ: ಊಟ ಆಯ್ತಾ ಸಾರ್?

ಒಳಗಿನಿಂದ: ನಿಮಗೋಸ್ಕರ ಕಾಯ್ತಿದ್ದೀನಿ, ಬನ್ನಿ. ಜೊತೆಗೆ ಇನ್ನೊಬ್ಬರ ಹೆಜ್ಜೆ ಸದ್ದು ಕೇಳಿಸ್ತಿದೆಯಲ್ಲ, ಯಾರು?

ಮಗಳು: ನಾನು ಇವರ ತಮ್ಮನ ಮಗಳು, ಅರಸೀಕೆರೆಯವಳು. ಈ ಸಲ ನಾವು ಮೂವರು.